ಆಸ್ಪತ್ರೆಯ ಚಾದರ, ಹುಲಿಗೆಮ್ಮನ ಮಲ್ಲಿಗೆ

ಬಟ್ಟೆ ಒಗೆಯುವುದರಲ್ಲಿ ಮೂರು ಕೆಲಸಗಳಿವೆ. ಕೊಳೆಯನ್ನು ಬಟ್ಟೆಯಿಂದ ಬಿಡಿಸಬೇಕು. ಬಿಟ್ಟ ಕೊಳೆಯನ್ನು ನೀರಿಗೆ ಒಪ್ಪಿಸಬೇಕು. ಆ ನೀರನ್ನು ಎಲ್ಲಿಗಾದರೂ ಕಳಿಸಬೇಕು. ಮೊದಲಿನ ಎರಡನ್ನು ನನಗೆ ಚೆನ್ನಾಗಿ ಕಲಿಸಿದರು. ಮೂರನೆಯದನ್ನು ಯಾರೂ ಕಲಿಸಲಿಲ್ಲ, ಏಕೆಂದರೆ ಅದೂ ಒಂದು ಕೆಲಸವೆಂದು ಯಾರೂ ಎಣಿಸಿರಲಿಲ್ಲ.

ಹೂವಿನಹಡಗಲಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಬಟ್ಟೆ ವಿಭಾಗವನ್ನು ನೋಡಿಕೊಂಡು ನಿವೃತ್ತಳಾದವಳು ನಾನು. ಈಗ ತವರೂರಾದ ಕೊಟ್ಟೂರಿನಲ್ಲಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹುಡುಗಿಯರು ಈಚೆಗೆ ಬಸ್ಸು ಹತ್ತಿ ಮನೆಗೆ ಬಂದಿದ್ದರು. ಇನ್ನು ಮುಂದೆ ಒಗೆತ ಪರಿಸರಸ್ನೇಹಿಯಾಗಿರಬೇಕು ಎಂದು ಆಡಳಿತದವರು ಹೇಳಿದ್ದಾರಂತೆ. ಅಂಗಡಿಗೆ ಹೋದರೆ ಹಸಿರೆಲೆಯ ಚಿತ್ರವಿರುವ ಡಬ್ಬಿಗಳೇ ಸಾಲಾಗಿ ನಿಂತಿವೆ, ಯಾವುದನ್ನು ತರಬೇಕೋ ತಿಳಿಯುತ್ತಿಲ್ಲ, ನೀವು ಒಂದು ಹಾಳೆಯಲ್ಲಿ ನಿಯಮ ಬರೆದುಕೊಡಿ, ಗೋಡೆಗೆ ಅಂಟಿಸುತ್ತೇವೆ ಎಂದರು. ಅದಕ್ಕೇನು, ಬರೆದು ಕಳಿಸುತ್ತೇನೆ ಎಂದೆ. ಚಾದರ ಮಡಿಸಲು ನನ್ನಲ್ಲಿ ನಿಯಮವಿದೆ, ಹಗ್ಗ ಕಟ್ಟಲು ನಿಯಮವಿದೆ, ಒಣಗಿದ ಬಟ್ಟೆಯನ್ನು ಯಾವ ತುದಿಯಿಂದ ತೆಗೆಯಬೇಕೆಂಬುದಕ್ಕೂ ಇದೆ. ಮರುದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಕೂತೆ. ಹಾಳೆಯ ಮೇಲೆ ‘೧’ ಎಂದು ಬರೆದೆ. ಅದರ ಮುಂದೆ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಮಧ್ಯಾಹ್ನದವರೆಗೂ ಆ ಅಂಕಿ ಒಂಟಿಯಾಗಿಯೇ ಇತ್ತು. ಅದಕ್ಕೆ ನಿಯಮಗಳನ್ನು ಪಕ್ಕಕ್ಕಿಟ್ಟು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಆಸ್ಪತ್ರೆಯ ಹಿರಿಯ ನರ್ಸ್. ನಾವೆಲ್ಲ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ಅವರು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಣಗಿದ ಚಾದರವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು, ಮೂಗಿನ ಹತ್ತಿರ ತರುತ್ತಿದ್ದರು, ಮೆಚ್ಚಿದರೆ ಕಪಾಟಿಗೆ, ಮೆಚ್ಚದಿದ್ದರೆ ಮತ್ತೆ ತೊಟ್ಟಿಗೆ. ಬೆಳಕಿನಲ್ಲಿ ಚಾದರ ಹಾಲಿನ ಬಣ್ಣಕ್ಕಿರಬೇಕು. ಇದು ಅವರ ಒಂದೇ ಅಳತೆ. ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದು, ತಣ್ಣೀರು ಮತ್ತು ಉಪ್ಪು ಸಾಕು ಎಂಬುದು ಅವರ ಮೊದಲ ಪಾಠ. ನಾನು ಸೇರಿದ ವಾರದಲ್ಲೇ ಅದನ್ನು ಮರೆತು ಒಂದಿಡೀ ಗಂಟನ್ನು ಕುದಿಸಿಬಿಟ್ಟೆ. ಕಲೆಗಳು ಕಂದಾಗಿ, ಬಟ್ಟೆಯ ಜೊತೆ ಹುಟ್ಟಿದವೆಂಬಂತೆ ಕೂತವು. ದೊಡ್ಡ ಸಿಸ್ಟರ್ ಬೈಯಲಿಲ್ಲ. ಆ ಚಾದರಗಳಲ್ಲಿ ಒಂದನ್ನು ಹರಿದು ನನ್ನ ಕೋಣೆಯ ಕಿಟಕಿಗೆ ಪರದೆ ಹೊಲಿಸಿದರು. ಅದು ನಾನು ನಿವೃತ್ತಳಾಗುವವರೆಗೂ ಅಲ್ಲೇ ಇತ್ತು.

ಆಗ ಒಗೆಯುತ್ತಿದ್ದವನು ಮಡಿವಾಳರ ನಾಗಪ್ಪ. ಗಂಟುಗಳನ್ನು ಬಂಡಿಗೆ ಹಾಕಿಕೊಂಡು ಮಾಗಳದ ಹೊಳೆಗೆ ಹೋಗುತ್ತಿದ್ದ. ಹಿಂದಿನ ದಿನವೇ ಉಬ್ಬೆಗೆ ಹಾಕಿರುತ್ತಿದ್ದ. ಉಬ್ಬೆಯೆಂದರೆ ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ದೊಡ್ಡ ಹಂಡೆಯ ಮೇಲೆ ಗೋಪುರದಂತೆ ಒಟ್ಟಿ, ಕೆಳಗೆ ಬೆಂಕಿ ಹಾಕಿ ಹಬೆಯಲ್ಲಿ ಬೇಯಿಸುವುದು. ಹೊಳೆಯ ಬಂಡೆಯ ಮೇಲೆ ನಾಗಪ್ಪ ಬೀಸಿ ಒಗೆದ ಚಾದರ ದೊಡ್ಡ ಸಿಸ್ಟರ್ ಕಣ್ಣಿಗೆ ಎಂದೂ ಕಡಿಮೆಯಾಗಿ ಕಂಡದ್ದಿಲ್ಲ.

ಇದು ತುಂಬಾ ದಿನ ನಡೆಯುತ್ತಿತ್ತೇನೋ. ಹೊಸದಾಗಿ ಬಂದ ವೈದ್ಯರೊಬ್ಬರು ಒಂದು ಬೆಳಿಗ್ಗೆ ಹೊಳೆಯ ಕಡೆ ತಿರುಗಾಡಲು ಹೋದರು. ಮೇಲ್ಗಡೆ ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುತ್ತಿರುವುದನ್ನೂ ಕೆಳಗಡೆ ಹೆಂಗಸರು ಕೊಡ ತುಂಬುತ್ತಿರುವುದನ್ನೂ ಒಟ್ಟಿಗೆ ನೋಡಿದರು. ಅಂದೇ ಹೊಳೆ ಬಂದ್ ಆಯಿತು. ಒಗೆತ ಆಸ್ಪತ್ರೆಯ ಹಿತ್ತಿಲಿಗೆ ಬಂತು. ಕೊಳವೆಬಾವಿ ಇತ್ತು, ತೊಟ್ಟಿ ಕಟ್ಟಿಸಿದರು, ಕಲ್ಲು ಹಾಸಿಸಿದರು. ರಕ್ತ, ಕೀವು ಬಿದ್ದ ಬಟ್ಟೆಗೆ ಬೇರೆಯೇ ತೊಟ್ಟಿ, ಬ್ಲೀಚಿಂಗ್ ಪೌಡರು, ಅದರ ನೀರಿಗೆ ಮುಚ್ಚಿದ ಗುಂಡಿ. ಉಳಿದ ಚಾದರ, ದಿಂಬಿನ ಚೀಲ, ಪರದೆ, ಸಮವಸ್ತ್ರ ಇವುಗಳದು ದೊಡ್ಡ ತೊಟ್ಟಿ. ಎಲ್ಲವೂ ಒಪ್ಪವಾಗಿತ್ತು. ದೊಡ್ಡ ತೊಟ್ಟಿಯ ಬಾಯಿ ತೆರೆದ ಮೊದಲ ದಿನ ಮಾತ್ರ ಹಿತ್ತಿಲು ಕೆರೆಯಾಯಿತು. ಇಷ್ಟು ನೀರು ಎಲ್ಲಿಗೆ ಹೋಗಬೇಕೆಂದು ಯೋಚಿಸುವುದನ್ನು ಎಲ್ಲರೂ ಮರೆತಿದ್ದೆವು.

ಹಿತ್ತಿಲ ಗೋಡೆಯ ಆಚೆ ಹುಲಿಗೆಮ್ಮನ ಮಲ್ಲಿಗೆ ತೋಟ. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬಳೇ ಸಾಕಿದ ತೋಟ. ನಸುಕಿನಲ್ಲಿ ಎದ್ದು ಮೊಗ್ಗು ಬಿಡಿಸಿ, ಬೆಳಗಾಗುವ ಮೊದಲೇ ಹೂವಿನ ಸಂತೆಗೆ ಮುಟ್ಟಿಸುತ್ತಿದ್ದಳು. ಬೇಸಿಗೆಯೆಂದರೆ ಮಲ್ಲಿಗೆಯ ಸುಗ್ಗಿ, ಆಕೆಯ ಬಾವಿ ಬತ್ತುವ ಕಾಲವೂ ಅದೇ. ಗೋಡೆಯ ಮೇಲಿಂದ ತಲೆ ಹಾಕಿ ನಮ್ಮ ಕೆರೆಯನ್ನು ನೋಡಿದಳು.

“ಅಕ್ಕಾರ, ಇಷ್ಟು ನೀರು ನಿಂದ್ರಿಸ್ಕೊಂಡು ಏನ್ ಮೀನು ಸಾಕ್ತೀರೇನು? ಗ್ವಾಡಿಗೆ ಒಂದು ತೂತು ಹೊಡೀರಿ. ನನ್ನ ಗಿಡ ಕುಡೀತಾವ.”

ತೂತು ಹೊಡೆಸಿದೆವು. ಆಕೆ ಕಾಲುವೆ ತೋಡಿಕೊಂಡಳು. ಎರಡೂ ಕಡೆಯವರಿಗೆ ಅನುಕೂಲವಾಯಿತು. ಆದರೆ ಹೊಸಬರು ಒಂದನ್ನು ತಿಳಿದಿರಬೇಕು: ಅಂದಿನಿಂದ ಆಸ್ಪತ್ರೆಯ ಒಗೆತ ಆಕೆಯ ತೋಟದ ಮೇಲೆ ನಿಂತಿತು, ಆಕೆಯ ತೋಟ ಆಸ್ಪತ್ರೆಯ ಒಗೆತದ ಮೇಲೆ. ಆಕೆ ಆ ತೂತಿಗೆ ಒಂದು ಕಲ್ಲು ಇಟ್ಟರೆ ನಾವು ಮತ್ತೆ ಹೊಳೆಗೆ ಬಂಡಿ ಹೂಡಬೇಕು. ನಾವು ತಪ್ಪು ನೀರು ಬಿಟ್ಟರೆ ಆಕೆಯ ಅನ್ನ ಹೋಗುತ್ತದೆ.

ಮುಂದೆ ಯಂತ್ರ ಬಂತು. ಅದನ್ನು ನೋಡಿಕೊಳ್ಳಲು ಬಂದವನು ಪೇಟೆಯ ಮೆಕ್ಯಾನಿಕ್ ಮಾಬುಸಾಬ್. ಮೋಟಾರಿಗೆ ಕಿವಿ ಕೊಟ್ಟು ಅದರ ರೋಗ ಹೇಳುತ್ತಿದ್ದ, ಅರ್ಧ ಸಲ ಸರಿಯಾಗಿರುತ್ತಿತ್ತು. ಯಂತ್ರದ ಜೊತೆ ಪುಡಿ ಬಂತು, ಪುಡಿಯ ಜೊತೆ ನೊರೆ ಬಂತು. ನೊರೆ ಕಂಡರೆ ನನಗೆ ಸಮಾಧಾನ. ಚೀಟಿಯ ಮೇಲೆ ಬರೆದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಹಾಕಿಸುತ್ತಿದ್ದೆ. ಮಾಬುಸಾಬ್ ಗೊಣಗುತ್ತಿದ್ದ.

“ಅಕ್ಕಾರ, ಮಶೀನಿಗೆ ದಾಡಿ ಕೆರೆಯಾಕ ಹತ್ತೀರೇನ್ರಿ, ಇಷ್ಟು ನೊರಿ? ಅರ್ಧ ಹಾಕ್ರಿ. ಬಟ್ಟಿ ಬಟ್ಟಿಗೆ ತಿಕ್ಕಿದ್ರ ಕೊಳಿ ಹೋಕ್ಕೈತಿ. ನೊರಿ ಇದ್ರ ತಿಕ್ಕೋದಿಲ್ಲ, ಜಾರತೈತಿ ಅಷ್ಟ.”

ಅವನ ಮಾತು ಆಗ ನನಗೆ ರುಚಿಸಲಿಲ್ಲ. ನೊರೆ ಕೊಳೆಯನ್ನು ತೆಗೆಯುವುದಿಲ್ಲ, ಅದು ಒಗೆಯುವವರ ಮನಸ್ಸಿನ ತೃಪ್ತಿಗೆ ಬರುವುದು ಎಂದು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು.

ಅದೇ ಕಾಲದ ಇನ್ನೊಂದು ಸಂಗತಿ. ಆಡಳಿತ ನೋಡುತ್ತಿದ್ದ ಅಧಿಕಾರಿಯೊಬ್ಬರಿಗೆ ಆಸ್ಪತ್ರೆಯ ಬಟ್ಟೆ ಘಮಘಮಿಸಬೇಕೆಂಬ ಆಸೆ ಹುಟ್ಟಿತು. ಕೊನೆಯ ನೀರಿಗೆ ಹಾಕುವ ಒಂದು ಸುವಾಸನೆಯ ದ್ರವವನ್ನು ಕ್ಯಾನುಗಟ್ಟಲೆ ತರಿಸಿದರು. ಕ್ಯಾನಿನ ಮೇಲೆ ಮಲ್ಲಿಗೆಯ ಚಿತ್ರ. ಮಲ್ಲಿಗೆಗೇ ಹೆಸರಾದ ಹಡಗಲಿಗೆ ಕ್ಯಾನಿನಲ್ಲಿ ಮಲ್ಲಿಗೆ ತರಿಸಿದವರು ಅವರೊಬ್ಬರೇ ಇರಬೇಕು. ವಾರ್ಡಿನಲ್ಲಿ ಮಲಗಿದ್ದವರಲ್ಲಿ ಅರ್ಧ ಜನ ಹೂವಿನ ಮನೆತನದವರು. ಒಬ್ಬ ಅಜ್ಜಿ ದಿಂಬನ್ನು ಮೂಸಿ, ಮುಖ ಸಿಂಡರಿಸಿ, ಇದು ಯಾವ ಊರಿನ ಮಲ್ಲಿಗೆ, ಸತ್ತು ಎಷ್ಟು ದಿನವಾಗಿದೆ ಎಂದು ಕೇಳಿದಳಂತೆ. ಉಚ್ಚಂಗಿದುರ್ಗದಿಂದ ಬಂದ ಬಾಣಂತಿಗೆ ತಲೆನೋವು ಹತ್ತಿ ಚಾದರವನ್ನೇ ತೆಗೆಸಿದರು. ಕ್ಯಾನುಗಳು ಖಾಲಿಯಾದ ಮೇಲೆ ಮತ್ತೆ ತರಿಸಲಿಲ್ಲ. ಖಾಲಿ ಮಾಡಿದ್ದು ಎಲ್ಲಿಗೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಗೋಡೆಯ ತೂತಿನಿಂದ ಅದು ನಿಜವಾದ ಮಲ್ಲಿಗೆಯ ಬುಡಕ್ಕೇ ಹೋಯಿತು.

ಆ ಬೇಸಿಗೆಯ ಕೊನೆಗೆ ಹುಲಿಗೆಮ್ಮ ಬಂದಳು. ಗೋಡೆಯ ಮೇಲಿಂದಲ್ಲ, ಮುಂಬಾಗಿಲಿನಿಂದ. ಕೈಯಲ್ಲಿ ಒಂದು ಹಿಡಿ ಎಲೆ. ಎಲೆಯ ನರಗಳು ಹಸಿರಾಗಿದ್ದವು, ನಡುವಿನ ಭಾಗವೆಲ್ಲ ಹಳದಿ. ನನ್ನ ಮೇಜಿನ ಮೇಲೆ ಹರವಿದಳು.

“ನಾನು ಜಗಳಕ್ಕ ಬಂದಿಲ್ಲ ಅಕ್ಕಾರ. ನೀರು ಕೇಳಿದಾಕಿ ನಾನ. ಆದ್ರ ಮೊಗ್ಗಿ ಸಣ್ಣ ಆಗಾಕತ್ತಾವ. ಸಂತ್ಯಾಗ ನನ್ನ ಹೂವು ನೋಡಿ ಮುಂದಕ ಹೋಗ್ತಾರ. ಇನ್ನೊಂದು ಬ್ಯಾಸಿಗಿ ನೋಡ್ತೀನಿ. ಹಿಂಗ ಆದ್ರ ತೂತು ಮುಚ್ಚತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.”

ದೊಡ್ಡ ಸಿಸ್ಟರ್ ಅಷ್ಟರಲ್ಲಿ ನಿವೃತ್ತರಾಗಿ ಹೋಗಿದ್ದರು. ಯಾರನ್ನು ಕೇಳುವುದು? ನಾನೇ ಕ್ರಮವಾಗಿ ಹೊರಟೆ. ಮೊದಲು ಸುವಾಸನೆ ಹೋಗಿತ್ತು. ಅದರ ಹಿಂದೆ ಬಿಳುಪಿಗೆಂದು ಹಾಕುತ್ತಿದ್ದ ನೀಲಿ ನಿಲ್ಲಿಸಿದೆ. ಆಮೇಲೆ ಸೋಡಾ ಮತ್ತು ಪುಡಿ ಎರಡನ್ನೂ ನಿಲ್ಲಿಸಿ ಅಂಟುವಾಳಕ್ಕೆ ಬಂದೆ. ಕಾಯಿ ಒಡೆದು, ಬೀಜ ತೆಗೆದು, ಕುದಿಸಿ ಸೋಸಿ, ದೊಡ್ಡ ಪೀಪಾಯಿಯಲ್ಲಿ ತುಂಬಿಸಿದೆ. ರೇಷ್ಮೆ ಸೀರೆ, ಉಣ್ಣೆಗೆ ಅದರಷ್ಟು ಒಳ್ಳೆಯದಿಲ್ಲ, ಇಂದಿಗೂ ಹೇಳುತ್ತೇನೆ. ಆಸ್ಪತ್ರೆಯ ಚಾದರದ ಎಣ್ಣೆ ಜಿಡ್ಡಿಗೆ ಅದು ಸಾಲಲಿಲ್ಲ. ಪೀಪಾಯಿಯಲ್ಲಿ ಉಳಿದದ್ದು ಎರಡು ದಿನಕ್ಕೆ ಹುಳಿತುಹೋಯಿತು. ಸೋಸುವುದರಲ್ಲಿ ಯಾರೋ ಅವಸರ ಮಾಡಿದ್ದರಿಂದ ಸಿಪ್ಪೆ ಯಂತ್ರದ ಕೊಳವೆಗೆ ಸಿಕ್ಕಿಕೊಂಡಿತು. ಮಾಬುಸಾಬ್ ಅದನ್ನು ಬಿಚ್ಚಿ ನಾರುನಾರಾದ ಕರಿ ಮುದ್ದೆಯನ್ನು ಹೊರತೆಗೆದು ನನ್ನ ಮುಂದೆ ಇಟ್ಟ. ಯಂತ್ರಕ್ಕೆ ಕಷಾಯ ಕುಡಿಸುವುದಾದರೆ ವೈದ್ಯರ ಚೀಟಿ ಬೇಕು ಎಂದ. ಚಾದರಗಳು ತೆಳುವಾದ ಚಹಾದ ಬಣ್ಣಕ್ಕೆ ತಿರುಗಿದ್ದವು. ರೋಗಿಗಳ ಕಡೆಯವರು ಇವು ಒಗೆದವೋ ಒಗೆಯಬೇಕಾದವೋ ಎಂದು ಕೇಳತೊಡಗಿದರು. ನಾನು ಅವುಗಳನ್ನು ಕಿಟಕಿಗೆ ಹಿಡಿದು ನೋಡುವುದನ್ನೇ ಬಿಟ್ಟೆ.

ಇನ್ನೇನು ಸೋಡಾಕ್ಕೆ ಮರಳಬೇಕು, ಅಷ್ಟರಲ್ಲಿ ಹೊಸ ಆಡಳಿತಾಧಿಕಾರಿ ಬಂದರು. ಸಜ್ಜನರು. ಹಿಂದಿನ ಕಾಲದವರ ಪದ್ಧತಿಯಲ್ಲೇ ಪರಿಸರದ ಉಳಿವಿದೆ ಎಂದು ನಂಬಿದ್ದವರು. ಊಟದ ತಟ್ಟೆಗಳನ್ನು ಮುತ್ತುಗದ ಎಲೆಗೆ ಬದಲಿಸಿದ್ದರು, ಒಗೆತವನ್ನೂ ಹಾಗೆಯೇ ಬದಲಿಸಬೇಕೆಂದರು. ಸೋಡಾ ಬರುವ ಮೊದಲು ಬಟ್ಟೆಗೆ ಏನು ಹಾಕುತ್ತಿದ್ದಿರಿ ಎಂದು ನಾಗಪ್ಪನನ್ನು ಕೇಳಿದರು. ನಾಗಪ್ಪನಿಗೆ ಆಗ ವಯಸ್ಸಾಗಿತ್ತು, ಉಬ್ಬೆಯ ಹಂಡೆಯ ಹತ್ತಿರ ಕೂರುವಷ್ಟೇ ಕೆಲಸ. ಅವನ ಮುಖ ಅರಳಿತು.

“ಸವಳು ಮಣ್ಣುರಿ. ನಮ್ಮಪ್ಪ ಅದ್ರಾಗ ಒಗೀತಿದ್ದ. ನೀರಾಗ ಕದಡಿ, ತಿಳಿ ಮ್ಯಾಲಿಂದು ತಗದು, ಅದ್ರಾಗ ಬಟ್ಟಿ ಅದ್ದಿ ಉಬ್ಬಿಗೆ ಇಟ್ರ, ಬೆಳ್ಳಕ್ಕಿ ರೆಕ್ಕಿ ಆದಂಗ ಆಗ್ತಿದ್ವು. ರೊಕ್ಕಾ ಇಲ್ಲ, ಅಂಗಡಿ ಇಲ್ಲ. ನೆಲ ಕೊಟ್ಟಿದ್ದು.”

ನೆಲ ಕೊಟ್ಟಿದ್ದು ಎಂಬ ಮಾತು ಅಧಿಕಾರಿಗಳ ಮನಸ್ಸಿಗೆ ನಾಟಿತು. ನನಗೂ ನಾಟಿತು. ಕಾರ್ಖಾನೆಯದಲ್ಲ, ಡಬ್ಬಿಯದಲ್ಲ, ಮಣ್ಣು. ಮಣ್ಣಿನಿಂದ ಮಣ್ಣಿಗೆ ಕೇಡಾಗುವುದು ಹೇಗೆ? ಈಗ ಸವಳು ಮಣ್ಣು ಎಲ್ಲಿ ಸಿಗುತ್ತದೆ ಎಂಬುದೊಂದೇ ಪ್ರಶ್ನೆಯಾಗಿತ್ತು. ಅದಕ್ಕೂ ದೂರ ಹೋಗಬೇಕಾಗಲಿಲ್ಲ. ಹುಲಿಗೆಮ್ಮನ ತೋಟದ ತಗ್ಗಿನ ಮೂಲೆಯಲ್ಲಿ ಒಂದು ತುಂಡು ನೆಲವಿತ್ತು. ಮಳೆ ನೀರು ನಿಂತು ಇಂಗಿ, ಬೇಸಿಗೆಯಲ್ಲಿ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು. ಅಲ್ಲಿ ಹುಲ್ಲೂ ಏಳುತ್ತಿರಲಿಲ್ಲ. ವಿಷಯ ಹೇಳಿದಾಗ ಆಕೆ ನಕ್ಕುಬಿಟ್ಟಳು. ನನ್ನ ಅತ್ತೆಯ ಕಾಲದಿಂದ ಆ ಮೂಲೆಯನ್ನು ಶಪಿಸುತ್ತ ಬಂದಿದ್ದೇವೆ, ಗುದ್ದಲಿ ಬುಟ್ಟಿ ನಾನೇ ಕೊಡುತ್ತೇನೆ, ಗುಡಿಸಿಕೊಂಡು ಹೋಗಿ ಎಂದಳು. ಅಷ್ಟೇ ಅಲ್ಲ, ತಾನೇ ಕೆರೆದು, ಬುಟ್ಟಿಗಳಲ್ಲಿ ತುಂಬಿ ಗೋಡೆಯ ಮೇಲಿಂದ ಕೊಡುತ್ತಿದ್ದಳು. ಕಾಲುವೆಗೆ ಒಳ್ಳೆಯ ನೀರು ಬರುತ್ತದೆ, ಕೆಟ್ಟ ಮಣ್ಣು ತೋಟದಿಂದ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ಏರ್ಪಾಡು ಯಾರು ಮಾಡಿಯಾರು?

ಚಾದರಗಳು ಬೆಳ್ಳಗಾದವು. ಎಷ್ಟೋ ದಿನಗಳ ಮೇಲೆ ನಾನು ಒಂದನ್ನು ಕಿಟಕಿಗೆ ಹಿಡಿದೆ. ದೊಡ್ಡ ಸಿಸ್ಟರ್ ಇದ್ದಿದ್ದರೆ ಕಪಾಟಿಗೆ ಎನ್ನುತ್ತಿದ್ದರು. ಹರಪನಹಳ್ಳಿ, ಕೂಡ್ಲಿಗಿಯ ಕಡೆಯಿಂದ ಬಂದವರನ್ನೆಲ್ಲ ಅಧಿಕಾರಿಗಳು ಹಿತ್ತಿಲಿಗೆ ಕರೆತಂದು ತೋರಿಸುತ್ತಿದ್ದರು. ನಾಗಪ್ಪ ಹಂಡೆಯ ಪಕ್ಕ ನೆಟ್ಟಗೆ ಕೂರುತ್ತಿದ್ದ.

ತೋಟ ಮಾತ್ರ ಸುಧಾರಿಸಲಿಲ್ಲ. ಹಳದಿ ಮೊದಲು ಕಾಲುವೆಯ ಪಕ್ಕದ ಸಾಲಿನಲ್ಲಿತ್ತು, ಈಗ ಒಳಗಿನ ಸಾಲುಗಳಿಗೂ ಹಬ್ಬಿತು. ಚಿಗುರು ಸುಟ್ಟಂತೆ ಮುದುಡಿತು. ಇಲ್ಲಿ ನನಗೆ ನಿಜವಾಗಿ ತಲೆ ಕೆಟ್ಟಿತು. ಸುವಾಸನೆ ತೆಗೆದೆವು, ನೀಲಿ ತೆಗೆದೆವು, ಪುಡಿ ತೆಗೆದೆವು, ಸೋಡಾ ತೆಗೆದೆವು. ಉಳಿದದ್ದು ನೀರು ಮತ್ತು ಆಕೆಯದೇ ಮಣ್ಣು. ಕಾಯಿಲೆಗೆ ಕಾರಣವೆನ್ನುವುದನ್ನೆಲ್ಲ ತೆಗೆದ ಮೇಲೆ ಕಾಯಿಲೆ ಹೆಚ್ಚಾಗುವುದು ಯಾವ ಕ್ರಮ? ಒಬ್ಬೊಬ್ಬರು ಒಂದೊಂದು ಹೇಳಿದರು. ಹಳೆಯ ಸೋಡಾ ಇನ್ನೂ ನೆಲದಲ್ಲಿದೆ, ಈಗ ಹೊರಬರುತ್ತಿದೆ ಎಂದರು ಅಧಿಕಾರಿಗಳು. ಕೊಳವೆಬಾವಿಯ ನೀರೇ ಗಡಸು, ಯಂತ್ರದ ಒಳಗೂ ಸುಣ್ಣ ಕಟ್ಟುತ್ತದೆ ಎಂದ ಮಾಬುಸಾಬ್. ತೋಟಕ್ಕೆ ದೃಷ್ಟಿಯಾಗಿದೆ ಎಂದ ನಾಗಪ್ಪ. ಹುಲಿಗೆಮ್ಮ ಒಂದು ಹಳೆಯ ಚಪ್ಪಲಿಯನ್ನು ಬೇಲಿಗೆ ಕಟ್ಟಿದಳು. ನಾನು ಎಲ್ಲರ ಮಾತಿನಂತೆಯೂ ಒಂದೊಂದು ಸರಿಪಡಿಸಿದೆ. ಗಿಡಗಳಿಗೆ ಇನ್ನೂ ಹೆಚ್ಚು ನೀರು ಬೇಕೇನೋ ಎಂದು, ಬಟ್ಟೆ ಅದ್ದಿ ಉಳಿದ ಸವಳಿನ ಗಾಢ ನೀರನ್ನೂ ವ್ಯರ್ಥ ಮಾಡದೆ ತೋಟಕ್ಕೇ ಹರಿಸಿದೆ.

ಬೇಸಿಗೆ ಬಂತು. ಅದು ಹುಲಿಗೆಮ್ಮ ಹೇಳಿದ್ದ ಕೊನೆಯ ಬೇಸಿಗೆ. ನಾನು ದಿನವೂ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ತೊಟ್ಟಿಯ ಅಂಚಿನ ಮೇಲೆ ಬೆರಳಾಡಿಸಿ ನೋಡುವವಳು. ಹಿಂದಿನ ದಿನ ಸರಿಯಾಗಿ ತೊಳೆದಿದ್ದಾರೋ ಇಲ್ಲವೋ ಎಂದು ತಿಳಿಯಲು ದೊಡ್ಡ ಸಿಸ್ಟರ್ ಹಾಕಿಕೊಟ್ಟ ಪಾಠ ಅದು. ಆ ದಿನ ಬೆರಳಿಗೆ ಬಿಳಿಯ ಪುಡಿ ಹತ್ತಿತು. ತೊಳೆದವಳನ್ನು ಕರೆಯಲು ತಿರುಗಿದಾಗ ಗೋಡೆಯ ಆಚೆಯಿಂದ ಹುಲಿಗೆಮ್ಮ ನನ್ನನ್ನೇ ಕೂಗಿದಳು. ಹೋದೆ. ಆಕೆ ಕಾಲುವೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ತೂತು ಮುಚ್ಚಲು ಆರಿಸಿ ತಂದ ಕಲ್ಲು ಪಕ್ಕದಲ್ಲಿತ್ತು. ಒಣಗಿದ ಕಾಲುವೆಯ ಎರಡೂ ದಂಡೆಗೆ ಹಿಟ್ಟು ಉದುರಿಸಿದಂತೆ ಬೆಳ್ಳಗೆ ಕಟ್ಟಿಕೊಂಡಿತ್ತು. ನನ್ನ ಬೆರಳನ್ನು ಆಕೆಗೆ ತೋರಿಸಿದೆ. ಎರಡೂ ಒಂದೇ.

ಆಕೆ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿದಳು. ನಮ್ಮ ಕಡೆ ಹೊಲದವರು ಮಣ್ಣನ್ನು ಹಾಗೆಯೇ ನೋಡುವುದು. ತಕ್ಷಣ ಉಗುಳಿದಳು. ಮತ್ತೊಮ್ಮೆ ಹಚ್ಚಿದಳು, ಈ ಸಲ ಉಗುಳಲಿಲ್ಲ, ಬಾಯೊಳಗೇ ಇಟ್ಟುಕೊಂಡು ತಗ್ಗಿನ ಮೂಲೆಯ ಕಡೆ ನೋಡಿದಳು. ಎದ್ದು ಅಲ್ಲಿಗೆ ಹೋಗಿ ಅಲ್ಲಿಯದನ್ನೂ ನೆಕ್ಕಿ ಬಂದಳು.

“ಅಕ್ಕಾರ, ಇದು ನನ್ನ ಮೂಲಿ ಹೊಲ.”

ನನಗೆ ಅರ್ಥವಾಗಲಿಲ್ಲ.

“ಮೂಲ್ಯಾಗಿದ್ದಿದ್ದು ಇಲ್ಲಿಗೆ ಬಂದೈತಿ. ನಾನ ಬುಟ್ಟ್ಯಾಗ ತುಂಬಿ ಕೊಟ್ಟೆ, ನೀವು ನೀರಾಗ ಕರಗಿಸಿ ವಾಪಸ್ ಕಳಿಸಿದ್ರಿ. ಅಲ್ಲೊಂದು ಮೂಲ್ಯಾಗ ಬಿದ್ಕೊಂಡಿತ್ತು, ಈಗ ತೋಟದ ತುಂಬ ಹಾಸಿ ಮಲಗೈತಿ.” ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. “ಈಗ ನಾನು ಯಾರನ್ನ ಬೈಲಿ ಹೇಳ್ರಿ.”

ಇಬ್ಬರೂ ಅಲ್ಲೇ ಕೂತೆವು. ಸವಳು ನೆಲವನ್ನು ತಿನ್ನುತ್ತದೆ ಎಂಬುದು ಆಕೆಗೆ ಮದುವೆಯಾಗಿ ಬಂದ ದಿನದಿಂದ ಗೊತ್ತು. ಸವಳು ಕೊಳೆಯನ್ನು ತಿನ್ನುತ್ತದೆ ಎಂಬುದು ನಾಗಪ್ಪನಿಗೆ ತಂದೆಯ ಕಾಲದಿಂದ ಗೊತ್ತು. ಅಂಗಡಿಯ ಸೋಡಾವೂ ಈ ಬಿಳಿಯ ಪುಡಿಯೂ ಒಂದೇ ಜಾತಿಯವು ಎಂದು ಯಾರಾದರೂ ಓದಿದವರನ್ನು ಕೇಳಿದ್ದರೆ ಹೇಳುತ್ತಿದ್ದರು. ನಮ್ಮಲ್ಲಿ ಯಾರೂ ಕೇಳಲಿಲ್ಲ, ಅಧಿಕಾರಿಗಳಿಗೂ ಕೇಳಬೇಕೆನಿಸಲಿಲ್ಲ. ನೆಲ ಕೊಟ್ಟಿದ್ದು ಎಂಬ ಮಾತು ಕೇಳುವುದನ್ನೇ ಮುಗಿಸಿಬಿಟ್ಟಿತ್ತು. ಹೊಳೆಯಲ್ಲಿ ಒಗೆಯುತ್ತಿದ್ದಾಗ ಅದೆಲ್ಲ ಹರಿದುಹೋಗುತ್ತಿತ್ತು, ನಾಗಪ್ಪನ ತಂದೆ ಯಾವ ತೋಟವನ್ನೂ ಹಳದಿ ಮಾಡಿರಲಿಲ್ಲ. ಹೊಳೆಯನ್ನು ಉಳಿಸಲು ನಾವು ಹಿತ್ತಿಲಿಗೆ ಬಂದೆವು, ಹಿತ್ತಿಲಿನಲ್ಲಿ ಹೊಳೆಯ ಪದ್ಧತಿ ನಡೆಸಿದೆವು.

ಅಂದು ಆಕೆ ತೂತು ಮುಚ್ಚಲಿಲ್ಲ. ನಾಳೆಯಿಂದ ಏನು ಬಿಡುತ್ತೀರಿ ಎಂಬುದನ್ನು ಮೊದಲು ಹೇಳಿ, ಆಮೇಲೆ ನೋಡುತ್ತೇನೆ ಎಂದಳು. ಕೃಷಿ ಇಲಾಖೆಯವರನ್ನು ಕರೆಸಿದೆವು. ಅವರು ಹೇಳಿದಂತೆ ಸಾಲುಗಳಿಗೆ ಜಿಪ್ಸಮ್ ಹಾಕಿ, ನಡುವೆ ಹಸಿರು ಗೊಬ್ಬರಕ್ಕೆಂದು ಸೆಣಬು ಬಿತ್ತಿ, ಹೂ ಬಿಡುವ ಮೊದಲೇ ಅದನ್ನು ಮಣ್ಣಿಗೆ ಸೇರಿಸಿ, ಮಳೆ ನೀರು ನಿಲ್ಲಿಸಿ ಇಂಗಿಸಿದ್ದಾಯಿತು. ಇತ್ತ ನಾನು ಒಗೆತವನ್ನು ಬೇರ್ಪಡಿಸಿದೆ. ಮೊದಲ ನೀರು, ಅಂದರೆ ಸಾಬೂನಿನ ಗಾಢ ನೀರು, ತೋಟಕ್ಕೆ ಹೋಗಲೇಬಾರದು. ಅದಕ್ಕೆ ಹಿತ್ತಿಲಲ್ಲಿ ಆಳವಿಲ್ಲದ ಒಂದು ಗಾರೆಯ ತೊಟ್ಟಿ ಕಟ್ಟಿಸಿದೆವು, ಬಿಸಿಲಿಗೆ ಆರಿಹೋಗಲೆಂದು. ಜಾಲಾಡಿದ ನೀರು ಮಾತ್ರ ತೂತಿಗೆ. ಸವಳು ನಿಲ್ಲಿಸಿ ಮತ್ತೆ ಅಂಗಡಿಯ ಪುಡಿಗೆ ಬಂದೆ, ಅದೂ ಮಾಬುಸಾಬ್ ಹೇಳಿದ ಅರ್ಧ. ಚಾದರವನ್ನು ಹಿಂದಿನ ಸಂಜೆಯೇ ನೆನೆಹಾಕುವುದು, ಕಲೆ ಇದ್ದಲ್ಲಿ ಮಾತ್ರ ಕೈಯಿಂದ ತಿಕ್ಕುವುದು, ಬರೀ ಬೆವರಿನ ಸಮವಸ್ತ್ರಕ್ಕೆ ತಣ್ಣೀರು, ಉಣ್ಣೆಯ ಕಂಬಳಿಗೆ ಅಂದಂದೇ ಕುದಿಸಿದ ಅಂಟುವಾಳ. ಒಣಗಿಸುವ ಯಂತ್ರ ಬೇಡವೆಂದು ಬರೆದುಕೊಟ್ಟೆ, ನಮ್ಮ ಬಿಸಿಲಿಗಿಂತ ದೊಡ್ಡ ಯಂತ್ರ ಯಾರೂ ಮಾಡಿಲ್ಲ. ಯಂತ್ರ ತುಂಬಿದಾಗಲೇ ತಿರುಗಿಸಬೇಕು, ಅರ್ಧ ತುಂಬಿಸಿ ತಿರುಗಿಸಿದವರಿಗೆ ನನ್ನ ಕೋಣೆಯ ಪರದೆ ತೋರಿಸುತ್ತಿದ್ದೆ.

ಆ ವರ್ಷ ಹುಲಿಗೆಮ್ಮನ ತೋಟದಲ್ಲಿ ಸಂತೆಗೆ ಒಯ್ಯುವಂಥ ಹೂ ಇರಲಿಲ್ಲ. ಬೇರೆಯವರ ತೋಟಕ್ಕೆ ಹೂ ಬಿಡಿಸಲು ಕೂಲಿಗೆ ಹೋದಳು. ನಸುಕಿನಲ್ಲಿ ಗೋಡೆಯ ಆಚೆ ಅವಳ ಬುಟ್ಟಿಯ ಸದ್ದು ಕೇಳದಿರುವುದು ನಮಗೆಲ್ಲ ಗೊತ್ತಾಗುತ್ತಿತ್ತು. ನಾಗಪ್ಪ ಆಕೆಯನ್ನು ನೋಡಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದ. ಒಂದು ದಿನ ಆಕೆಯೇ ನಿಲ್ಲಿಸಿ, “ಯಾಕಪಾ ನಾಗಣ್ಣ, ನೆಲದಾಗ ಏನ್ ಹುಡುಕಾಕತ್ತೀ? ಇದ್ದಿದ್ದೆಲ್ಲಾ ಗುಡಿಸಿ ಕೊಟ್ಟೀನಿ ನಾನು” ಎಂದಳು. ಅವನು ನಕ್ಕನೋ ಅತ್ತನೋ ನನಗೆ ತಿಳಿಯಲಿಲ್ಲ.

ಗಿಡಗಳನ್ನು ಸವರಿ ಕತ್ತರಿಸಿದ ಮೇಲೆ ಒಳಗಿನ ಸಾಲುಗಳು ಹಸಿರು ಚಿಗುರಿದವು. ಅದರ ಮುಂದಿನ ಬೇಸಿಗೆಗೆ ಬುಟ್ಟಿಯ ಸದ್ದು ಮತ್ತೆ ಕೇಳಿತು. ಕಾಲುವೆಯ ಪಕ್ಕದ ಸಾಲು ಮಾತ್ರ ಏಳಲಿಲ್ಲ, ಅದನ್ನು ಕಿತ್ತು ಹಾಕಿದಳು.

ಇಲ್ಲಿಗೆ ಕಥೆ ಮುಗಿದಿದ್ದರೆ ‘೧’ ರ ಮುಂದೆ ಬರೆಯಲು ನನಗೆ ಕಷ್ಟವಿರಲಿಲ್ಲ. ಗಾರೆಯ ತೊಟ್ಟಿ ಆರಿದ ಮೇಲೆ ತಳದಲ್ಲಿ ಬೆಳ್ಳಗೆ ಒಂದು ಪದರ ಉಳಿಯುತ್ತದೆ. ಅದನ್ನು ಕೆರೆದು ಚೀಲಕ್ಕೆ ತುಂಬಬೇಕು. ಆ ಚೀಲವನ್ನು ಎಲ್ಲಿಗೆ ಒಯ್ಯುವುದು? ಊರ ಕಸದ ಗುಡ್ಡೆಗೆ ಹಾಕಿದರೆ ಮಳೆಗೆ ಕೊಚ್ಚಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಹೂತರೆ ಅಲ್ಲಿಯ ನೆಲಕ್ಕೆ. ಕೊನೆಗೆ ಹುಲಿಗೆಮ್ಮನೇ ಹೇಳಿದಳು, ಎಲ್ಲಿಂದ ತಂದಿರೋ ಅಲ್ಲಿಗೇ ತಂದು ಹಾಕಿ, ಆ ಮೂಲೆ ಹೇಗೂ ಕೆಟ್ಟಿದೆ ಎಂದು. ಮೂಲೆಯ ಸುತ್ತ ಒಡ್ಡು ಹಾಕಿ, ತೋಟದ ಕಡೆ ಒಂದು ಕಲ್ಲು ನೆಟ್ಟಳು. ತೂತು ಮುಚ್ಚಲು ತಂದಿದ್ದ ಕಲ್ಲು ಅದೇ. ಅದರಿಂದ ಈಚೆಗೆ ಒಂದು ಚಿಟಿಕೆಯೂ ಬರಬಾರದು ಎಂದಳು. ವರ್ಷಕ್ಕೊಮ್ಮೆ ಚೀಲಗಳು ಹೋಗುತ್ತಿದ್ದವು. ನನಗೆ ಅದು ಸರಿಯಾದ ಲೆಕ್ಕದಂತೆ ಕಂಡಿತು: ಮಣ್ಣು ತೆಗೆದ ಜಾಗಕ್ಕೇ ಮಣ್ಣು.

ಹುಡುಗಿಯರು ಬಂದು ಹೋದ ಮೇಲೆ, ಅಂಕಿಯ ಮುಂದೆ ಏನೂ ಬರೆಯಲಾಗದೆ, ಒಂದು ದಿನ ನಾನೇ ಹಡಗಲಿಗೆ ಹೋದೆ. ಆಸ್ಪತ್ರೆಗೆ ಹೋಗದೆ ನೇರ ತೋಟಕ್ಕೆ ಹೋದೆ. ಹುಲಿಗೆಮ್ಮನಿಗೆ ಈಗ ಸೊಂಟ ಬಾಗಿದೆ, ಮಾತು ಬಾಗಿಲ್ಲ. ಚಹಾ ಕುಡಿದು ಸಾಲುಗಳ ನಡುವೆ ನಡೆದೆವು. ಗಿಡಗಳು ಚೆನ್ನಾಗಿದ್ದವು. ಮೂಲೆಯ ಹತ್ತಿರ ಬಂದಾಗ ನಾನು ನಿಂತೆ. ಕಲ್ಲು ನಾನು ಕಂಡಿದ್ದ ಜಾಗದಲ್ಲಿರಲಿಲ್ಲ. ಒಂದು ಸಾಲಿನಷ್ಟು ಈಚೆಗೆ ಬಂದಿತ್ತು.

ಯಾರು ಸರಿಸಿದ್ದು ಎಂದು ಕೇಳಿದೆ.

“ನಾನ ಸರಿಸೀನಿ. ಅದು ಈಚಿಗೆ ಬಂತು, ಕಲ್ಲೂ ತಂದೆ. ಬರೋದನ್ನ ಕಲ್ಲು ತಡೀತೈತೇನ್ರಿ, ಎಲ್ಲಿಗೆ ಬಂದೈತಿ ಅಂತ ತೋರಸ್ತೈತಿ ಅಷ್ಟ.”

ಸಿಟ್ಟಿನಿಂದ ಹೇಳಲಿಲ್ಲ. ನಾನು ಅಲ್ಲಿ ನಿಂತು ಎಷ್ಟು ಯೋಚಿಸಿದರೂ ಲೆಕ್ಕ ಕೂಡಲಿಲ್ಲ. ಮೊದಲು ಆ ಮೂಲೆಯಿಂದ ತೆಗೆದದ್ದು ಆಕೆಯ ಮಣ್ಣಷ್ಟೇ, ಈಗ ಮರಳಿ ಹೋಗುವುದು ಅಂಗಡಿಯ ಪುಡಿಯ ಉಪ್ಪು. ಅರ್ಧ ಹಾಕಿದರೂ ಆ ಅರ್ಧ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಕಾಲು ಭಾಗ ಹಾಕಿದರೆ? ಇನ್ನೂ ನಿಧಾನವಾಗಿ ಬರುತ್ತದೆ. ಹಾಕದೆ ಇದ್ದರೆ ಚಾದರ ರೋಗಿಯ ಕೆಳಗೆ ಹಾಸುವ ಹಾಗಿರುವುದಿಲ್ಲ. ಹಾಲಿನ ಬಣ್ಣ ಬೇಕೇ ಬೇಕೋ, ತೆಳು ಚಹಾದ ಬಣ್ಣ ಸಾಕೋ? ದೊಡ್ಡ ಸಿಸ್ಟರ್ ಬದುಕಿಲ್ಲ, ಬದುಕಿದ್ದರೂ ಈ ಪ್ರಶ್ನೆಯನ್ನು ಅವರ ಮುಂದೆ ಇಡಲು ನನಗೆ ಧೈರ್ಯ ಬರುತ್ತಿತ್ತೋ ಇಲ್ಲವೋ. ಯಾವ ಡಬ್ಬಿಯ ಮೇಲೆ ಹಸಿರೆಲೆ ಇದೆ ಎಂಬುದು ಇದರಲ್ಲಿ ಎಲ್ಲಿ ಬರುತ್ತದೆ ಎಂಬುದೂ ಗೊತ್ತಿಲ್ಲ.

ಊರಿಗೆ ಬರುವ ಬಸ್ಸಿನಲ್ಲಿ ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟು, ‘೧’ ರ ಮುಂದೆ ಬರೆದೆ. ಎರಡನೆಯ ನಿಯಮ ಬರೆಯಲಿಲ್ಲ. ಹುಡುಗಿಯರೇ, ಗೋಡೆಗೆ ಅಂಟಿಸುವುದಾದರೆ ಇದಿಷ್ಟೇ:

೧. ಪುಡಿಯ ಡಬ್ಬಿ ತೆರೆಯುವ ಮೊದಲು ಹಿತ್ತಿಲ ಗೋಡೆಯ ಹತ್ತಿರ ಹೋಗಿ, ಹುಲಿಗೆಮ್ಮನ ಕಲ್ಲು ಎಲ್ಲಿದೆ ನೋಡಿ ಬನ್ನಿ.